ಚದುರಿದ ಚಿತ್ರಶಾಲೆ

ಚೀನಾ ದೇಶದ ವಾಯವ್ಯ ಭಾಗದಲ್ಲಿ, ಗೋಬಿ ಮರುಭೂಮಿಯ ಅಂಚಿನಲ್ಲಿ ದುನ್‌ಹುವಾಂಗ್ ಎಂಬ ಪುರಾತನ ನಗರವಿದೆ. ರೇಷ್ಮೆ ಮಾರ್ಗದಲ್ಲಿ ಸಾಗುತ್ತಿದ್ದ ವರ್ತಕರೂ ಯಾತ್ರಿಕರೂ ಅಲ್ಲಿ ತಂಗಿ, ದಣಿವಾರಿಸಿಕೊಂಡು ಮುಂದುವರಿಯುತ್ತಿದ್ದರು. ಮರುಭೂಮಿಗೆ ಇಳಿಯುವವರು ರಕ್ಷಣೆಗಾಗಿ ಪ್ರಾರ್ಥಿಸಿದರೆ, ಅದನ್ನು ದಾಟಿ ಬಂದವರು ಕೃತಜ್ಞತೆಯಿಂದ ಕಾಣಿಕೆ ಸಲ್ಲಿಸುತ್ತಿದ್ದರು. ಆ ಶ್ರದ್ಧೆಯ ಫಲವೇ ಊರಿನಿಂದ ಸುಮಾರು 25 ಕಿಲೋಮೀಟರ್ ದೂರದಲ್ಲಿರುವ ಮೊಗಾವೊ ಗುಹೆಗಳು. ಕ್ರಿ.ಶ. 366ರಲ್ಲಿ ಒಬ್ಬ ಬೌದ್ಧ ಭಿಕ್ಷು ಮೊದಲ ಗುಹೆಯನ್ನು ಕೊರೆಯಿಸಿದನೆಂದು ಅಲ್ಲಿಯ ಶಾಸನವೊಂದು ತಿಳಿಸುತ್ತದೆ. ಅಲ್ಲಿಂದ ಸಾವಿರ ವರ್ಷಗಳ ಕಾಲ ಉಳಿಯ ಸದ್ದು ಆ ಬಂಡೆಯಲ್ಲಿ ಕೇಳಿಬರುತ್ತಲೇ ಇತ್ತು. ಚಿತ್ರ ಮತ್ತು ಶಿಲ್ಪಗಳುಳ್ಳ 492 ಗುಹೆಗಳು ಇಂದಿಗೂ ಉಳಿದಿವೆ. ಅವುಗಳ ಭಿತ್ತಿಚಿತ್ರಗಳ ಒಟ್ಟು ವಿಸ್ತಾರ ಸುಮಾರು 45,000 ಚದರ ಮೀಟರುಗಳು.

ಈ ಚಿತ್ರಗಳಲ್ಲಿ ಭಾರತದ ಕಥೆಗಳು ಚೀನಾದ ಕುಂಚದಲ್ಲಿ ಮರುಹುಟ್ಟು ಪಡೆದಿವೆ. 257ನೆಯ ಗುಹೆಯಲ್ಲಿರುವ ಜಿಂಕೆಯ ಜಾತಕಕಥೆ ಇದಕ್ಕೆ ಉತ್ತಮ ನಿದರ್ಶನ. ನದಿಯಲ್ಲಿ ಮುಳುಗುತ್ತಿದ್ದ ಮನುಷ್ಯನೊಬ್ಬನನ್ನು ಬಣ್ಣದ ಜಿಂಕೆಯೊಂದು ಕಾಪಾಡುತ್ತದೆ. ಅವನಾದರೋ ಬಹುಮಾನದ ಆಸೆಗೆ ಮರುಳಾಗಿ, ಅದರ ನೆಲೆಯನ್ನು ರಾಜನಿಗೆ ತಿಳಿಸುತ್ತಾನೆ. ಚಿತ್ರಕಾರನು ಈ ಕಥೆಯನ್ನು ಒಂದೇ ದಿಕ್ಕಿಗೆ ಹರಿಯಿಸಿಲ್ಲ. ಒಂದು ತುದಿಯಲ್ಲಿ ಜಿಂಕೆಯ ಉಪಕಾರ, ಇನ್ನೊಂದು ತುದಿಯಲ್ಲಿ ಅರಮನೆಯ ದುರಾಶೆ. ಎರಡೂ ಕಡೆಗಳಿಂದ ಸಾಗಿಬಂದ ಕಥೆ ನಡುವೆ ಸಂಧಿಸುತ್ತದೆ. ಅಲ್ಲಿ ಕುದುರೆಯೇರಿದ ರಾಜನ ಎದುರು ಜಿಂಕೆ ತಲೆಯೆತ್ತಿ ನಿಂತು ನಡೆದುದನ್ನು ನಿವೇದಿಸುತ್ತಿದೆ. ನೋಡುವವನ ದೃಷ್ಟಿ ಕೊನೆಗೆ ನಿಲ್ಲುವುದು ಈ ನ್ಯಾಯದ ಕ್ಷಣದಲ್ಲಿಯೇ.

1900ರಲ್ಲಿ ಈ ಗುಹೆಗಳ ಪಾಲಕನಾಗಿದ್ದ ವಾಂಗ್ ಯುವಾನ್‌ಲು ಎಂಬ ಸಾಧುವಿಗೆ ಗೋಡೆಯ ಹಿಂದೆ ಅಡಗಿದ್ದ ಒಂದು ಪುಟ್ಟ ಕೋಣೆ ಗೋಚರವಾಯಿತು. ಹನ್ನೊಂದನೆಯ ಶತಮಾನದ ಆದಿಭಾಗದಲ್ಲಿ ಮುಚ್ಚಲ್ಪಟ್ಟಿದ್ದ ಅದರೊಳಗೆ ಹತ್ತಾರು ಸಾವಿರ ಹಸ್ತಪ್ರತಿಗಳೂ ರೇಷ್ಮೆಯ ಮೇಲೆ ಬರೆದ ಚಿತ್ರಗಳೂ ತುಂಬಿದ್ದವು. 1907ರಲ್ಲಿ ಬ್ರಿಟಿಷ್ ಭಾರತ ಸರ್ಕಾರದ ಸೇವೆಯಲ್ಲಿದ್ದ ಆರೆಲ್ ಸ್ಟೈನ್ ಅಲ್ಲಿಗೆ ಬಂದನು. ಇಮ್ಮಡಿ ಪುಲಿಕೇಶಿಯ ರಾಜ್ಯವನ್ನು ಬಣ್ಣಿಸಿದ ಹ್ಯೂಯೆನ್ ತ್ಸಾಂಗನಲ್ಲಿ ವಾಂಗನಿಗೆ ಅಪಾರ ಭಕ್ತಿ. ತಾನೂ ಆ ಯಾತ್ರಿಕನ ಹೆಜ್ಜೆಯಲ್ಲಿಯೇ ನಡೆದು ಬಂದವನೆಂದು ಹೇಳಿ ಸ್ಟೈನ್ ಅವನ ವಿಶ್ವಾಸವನ್ನು ಗಳಿಸಿದನು. 24 ಪೆಟ್ಟಿಗೆ ಹಸ್ತಪ್ರತಿಗಳನ್ನೂ 5 ಪೆಟ್ಟಿಗೆ ಚಿತ್ರ ಮುಂತಾದವುಗಳನ್ನೂ ಅತ್ಯಲ್ಪ ಹಣಕ್ಕೆ ಪಡೆದು ಸಾಗಿಸಿದನು. ಮರುವರ್ಷ ಫ್ರಾನ್ಸಿನ ಪಾಲ್ ಪೆಲಿಯೊ ಬಂದನು. ಅನಂತರ ಜಪಾನ್ ಮತ್ತು ರಷ್ಯಗಳ ತಂಡಗಳು ಬಂದವು. ಹೀಗೆ ಒಂದೇ ಕೋಣೆಯ ನಿಧಿ ಲಂಡನ್, ಪ್ಯಾರಿಸ್, ಸೇಂಟ್ ಪೀಟರ್ಸ್‌ಬರ್ಗ್, ಬೀಜಿಂಗ್ ಮುಂತಾದ ನಗರಗಳಿಗೆ ಹಂಚಿಹೋಯಿತು. ಸ್ಟೈನ್ ತಂದುದರ ಒಂದು ಪಾಲು ದೆಹಲಿಯ ರಾಷ್ಟ್ರೀಯ ವಸ್ತುಸಂಗ್ರಹಾಲಯದಲ್ಲಿದೆ. ಲಂಡನ್ನಿಗೆ ಸೇರಿದ ವಸ್ತುಗಳಲ್ಲಿ ಕ್ರಿ.ಶ. 868ರಲ್ಲಿ ಮುದ್ರಿತವಾದ ವಜ್ರಚ್ಛೇದಿಕಾ ಸೂತ್ರದ ಸುರುಳಿ ಮುಖ್ಯವಾದುದು. ಕಾಲವನ್ನು ನಮೂದಿಸಿರುವ, ಉಪಲಬ್ಧವಾದ ಪೂರ್ಣ ಮುದ್ರಿತ ಗ್ರಂಥಗಳಲ್ಲಿ ಅದೇ ಅತ್ಯಂತ ಹಳೆಯದು. ವಾಂಗ್ ಜೀ ಎಂಬಾತನು ತನ್ನ ತಂದೆತಾಯಿಗಳ ಹೆಸರಿನಲ್ಲಿ ಅದನ್ನು ಉಚಿತವಾಗಿ ಹಂಚಲು ಮುದ್ರಿಸಿದನೆಂದು ಅದರ ಕೊನೆಯಲ್ಲಿ ಬರೆದಿದೆ.

ಚದುರಿದ ಈ ಸಂಪತ್ತನ್ನು ಒಂದೆಡೆ ನೋಡುವ ಬಗೆ ಹೇಗೆ? ಈ ಉದ್ದೇಶದಿಂದ 1994ರಲ್ಲಿ ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿ ಅಂತಾರಾಷ್ಟ್ರೀಯ ದುನ್‌ಹುವಾಂಗ್ ಯೋಜನೆ ಆರಂಭವಾಯಿತು. ಬೇರೆ ಬೇರೆ ದೇಶಗಳ ಸಂಗ್ರಹಾಲಯಗಳು ತಮ್ಮಲ್ಲಿರುವ ಹಸ್ತಪ್ರತಿಗಳ ಮತ್ತು ಚಿತ್ರಗಳ ಛಾಯಾಪ್ರತಿಗಳನ್ನು ಅಂತರ್ಜಾಲದಲ್ಲಿ ಇರಿಸತೊಡಗಿದವು.

ಗುಹೆಗಳಿಗೂ ಬೇರೊಂದು ವಿಪತ್ತು ಕಾದಿತ್ತು. ಪ್ರೇಕ್ಷಕರ ಉಸಿರಿನಿಂದ ಒಳಗಿನ ತೇವ ಹೆಚ್ಚುತ್ತದೆ. ಗೋಡೆಯಲ್ಲಿರುವ ಲವಣಗಳು ಆ ತೇವದಲ್ಲಿ ಕರಗಿ, ಒಣಗಿದಾಗ ಮತ್ತೆ ಹರಳುಗಟ್ಟಿ, ಬಣ್ಣದ ಪದರವನ್ನು ಕಿತ್ತೆಬ್ಬಿಸುತ್ತವೆ. ಕಲೆಯನ್ನು ಪ್ರೀತಿಸಿ ಬಂದವರೇ ಅದರ ನಾಶಕ್ಕೆ ಕಾರಣರಾಗುವ ವಿಚಿತ್ರ ಸನ್ನಿವೇಶವಿದು! ಆದಕಾರಣ ಅಲ್ಲಿಯ ತಜ್ಞರು ಗೋಡೆಯ ಪ್ರತಿಯೊಂದು ಭಾಗವನ್ನೂ ಛಾಯಾಚಿತ್ರದಲ್ಲಿ ಸೆರೆಹಿಡಿದು, ಸಾವಿರಾರು ತುಣುಕುಗಳನ್ನು ಗಣಕಯಂತ್ರದ ನೆರವಿನಿಂದ ಜೋಡಿಸಿದರು. 2016ರಲ್ಲಿ 30 ಗುಹೆಗಳ ಇಂಥ ಚಿತ್ರಗಳು ಅಂತರ್ಜಾಲದಲ್ಲಿ ಎಲ್ಲರಿಗೂ ದೊರೆಯುವಂತಾದವು. ಮಂದ ಬೆಳಕಿನ ಗುಹೆಯಲ್ಲಿ ನಿಂತವನಿಗೆ ಕಾಣದ ಕುಂಚದ ಎಳೆಯೂ ಪರದೆಯ ಮೇಲೆ ಸ್ಪಷ್ಟವಾಗಿ ಕಾಣುತ್ತದೆ.

ಆದರೂ ಪ್ರತಿಬಿಂಬ ಪ್ರತಿಬಿಂಬವೇ. ಅಂಗೈಯಗಲದ ಚಿತ್ರವೂ ಆಳೆತ್ತರದ ಚಿತ್ರವೂ ಪರದೆಯ ಮೇಲೆ ಒಂದೇ ಗಾತ್ರದಲ್ಲಿ ತೋರುತ್ತವೆ. ಆದುದರಿಂದ ವಿವೇಕಿಯಾದ ನೋಡುಗನು ಚಿತ್ರದ ಪಕ್ಕದಲ್ಲಿ ಕೊಟ್ಟಿರುವ ಅಳತೆ, ಕಾಲ, ಮೂಲಸ್ಥಳಗಳ ವಿವರವನ್ನು ಮೊದಲು ಓದುತ್ತಾನೆ. ಅದು ಎಲ್ಲಿ ಹುಟ್ಟಿತು, ಈಗಿರುವ ಸ್ಥಳಕ್ಕೆ ಹೇಗೆ ಬಂದಿತು ಎಂದು ವಿಚಾರಿಸುತ್ತಾನೆ. ಛಾಯಾಪ್ರತಿಗಳು ಹಿಂದಿರುಗಿದ ಮಾತ್ರಕ್ಕೆ ಮೂಲವಸ್ತುಗಳು ಯಾರಿಗೆ ಸೇರಬೇಕೆಂಬ ಪ್ರಶ್ನೆ ಬಗೆಹರಿಯುವುದಿಲ್ಲ. ಆದರೆ ಒಂದು ಕಾಲದಲ್ಲಿ ಕೆಲವೇ ವಿದ್ವಾಂಸರಿಗೆ ಲಭ್ಯವಾಗಿದ್ದ ಈ ಸಂಪತ್ತು ಇಂದು ದೂರದ ಹಳ್ಳಿಯ ವಿದ್ಯಾರ್ಥಿಯ ಕಣ್ಣಿಗೂ ಎಟುಕುವಂತಾಗಿದೆ. ಕಲೆಯನ್ನು ಮುಟ್ಟದೆಯೇ ಸವಿಯುವುದು, ಸವಿದುದನ್ನು ಕಾಪಾಡುವುದು ಈ ಯುಗದ ರಸಿಕನ ಕರ್ತವ್ಯ.