ಹೆಸರಿಟ್ಟು ಮೆಚ್ಚಿದ ಹಲಸು

ನಮ್ಮಲ್ಲಿ ಸನ್ಮಾನವೆಂದರೆ ಶಾಲು, ಹಾರ, ಪೇಟ, ಹಣ್ಣಿನ ಬುಟ್ಟಿ. ಭಾಷಣಕಾರರು ‘ಇವರ ಸೇವೆ ಅಪಾರ’ ಎನ್ನುತ್ತಾರೆ. ಯಾವ ಸೇವೆ ಎಂಬುದು ಸಭಿಕರಿಗಿರಲಿ, ಒಮ್ಮೊಮ್ಮೆ ಸನ್ಮಾನಿತರಿಗೂ ತಿಳಿಯುವುದಿಲ್ಲ.

ತುಮಕೂರು ಬಳಿಯ ಹಿರೇಹಳ್ಳಿಯ ಕೇಂದ್ರೀಯ ತೋಟಗಾರಿಕಾ ಪ್ರಯೋಗ ಕೇಂದ್ರದ ವಿಜ್ಞಾನಿಗಳು ಮೆಚ್ಚಿದ ಬಗೆ ಬೇರೆ. ಗುಬ್ಬಿ ತಾಲ್ಲೂಕಿನ ಚೇಳೂರಿನ ರೈತ ಎಸ್.ಎಸ್. ಪರಮೇಶ್ ಅವರ ತೋಟದಲ್ಲೊಂದು ಹಲಸಿನ ಮರ. ನೆಟ್ಟವರು ತಂದೆ ಎಸ್.ಕೆ. ಸಿದ್ದಪ್ಪ. ಹಣ್ಣು ಚಿಕ್ಕದು, ಸುಮಾರು ಎರಡೂವರೆ ಕೆ.ಜಿ. ತೂಗುತ್ತದೆ. ಸೀಳಿದರೆ ಒಳಗೆ ಹಳದಿಯಲ್ಲ, ತಾಮ್ರಗೆಂಪಿನ ತೊಳೆಗಳು. ಮೇಣ ಮೆತ್ತಿದ ಬೆರಳಲ್ಲೇ ಒಂದು ತೊಳೆ ಬಾಯಿಗಿಟ್ಟವರು ‘ಭಾರಿ ರುಚಿ’ ಎಂದು ಚಪ್ಪರಿಸಿ ಎದ್ದುಹೋಗಬಹುದು. ಅದೂ ಹೊಗಳಿಕೆಯೇ, ಆದರೆ ಗಾಳಿಗೆ ಹೋಗುವಂಥದ್ದು. ವಿಜ್ಞಾನಿಗಳು ಅಳೆದು ಹೇಳಿದರು: ಸಿಹಿ 31 ಬ್ರಿಕ್ಸ್, ಬಣ್ಣ ಕೊಡುವ ಲೈಕೋಪೀನ್ ಮಾಮೂಲಿ ಹಲಸಿಗಿಂತ ಎಷ್ಟೋ ಪಟ್ಟು ಹೆಚ್ಚು.

ಆಮೇಲೆ ತಳಿಗೆ ‘ಸಿದ್ದು’ ಎಂದೇ ಹೆಸರಿಟ್ಟರು.

ಮಗನನ್ನು ಹೊಗಳಲು ಅಪ್ಪನ ಹೆಸರಿಗಿಂತ ಒಳ್ಳೆಯ ಮಾತು ಯಾವುದಿದ್ದೀತು? ಹೆಸರಿನ ಜೊತೆ ಪಾಲೂ ಬಂತು. 2017ರ ಒಪ್ಪಂದದ ಪ್ರಕಾರ ಕಸಿ ಗಿಡಗಳ ಮಾರಾಟದ ಹಣದಲ್ಲಿ ಶೇ 75 ರೈತನಿಗೆ, ಉಳಿದದ್ದು ಸಂಸ್ಥೆಗೆ. ಹಿಂದೆಯೇ ಜಿಲ್ಲೆಯ ಇನ್ನೊಂದು ಕೆಂಪು ಹಲಸು ಬೆಳಕಿಗೆ ಬಂತು. ಅದರ ಹೆಸರು ‘ಶಂಕರ’. ಬೆಳೆದ ರೈತ ಶಂಕರಯ್ಯ.