ಅರಮನೆಯ ಒಳಸಂಚೂ ಬಚ್ಚಿಟ್ಟ ಗ್ರಂಥವೂ

ರಾಜರಾಣಿಯರ ಕಲ್ಪಿತ ಕಥೆಗಳನ್ನು ಓದುವವರಿಗೆ ಒಂದು ಸನ್ನಿವೇಶವು ಚಿರಪರಿಚಿತವಾದುದು: ಎಳೆಯ ಯುವರಾಜ, ರಾಜ್ಯವಾಳುತ್ತಿರುವ ಚಿಕ್ಕಪ್ಪ, ಭಂಡಾರದಲ್ಲಿ ಬೀಗವಿಕ್ಕಿದ ಒಂದು ನಿಷಿದ್ಧ ಗ್ರಂಥ. ಸಿಂಹಾಸನವು ನ್ಯಾಯವಾಗಿ ಯಾರದೆಂಬುದು ಆ ಗ್ರಂಥವೊಂದಕ್ಕೇ ಗೊತ್ತು. ಅದು ಬೆಳಕಿಗೆ ಬಂದೊಡನೆ ಸಂಚು ಮುರಿಯುವುದು, ಕಥೆ ಮುಗಿಯುವುದು.

ಬಾಗಲಕೋಟೆಯ ಕೆರೂರು ವಾಸುದೇವಾಚಾರ್ಯರು (1866–1921) ಸೋದರರನ್ನು ಕೊಲ್ಲಿಸಿ ಪಟ್ಟವನ್ನು ಭದ್ರಪಡಿಸಿಕೊಂಡ ಔರಂಗಜೇಬನನ್ನು ಕಾದಂಬರಿಯ ವಸ್ತುವಾಗಿ ಆರಿಸಿಕೊಂಡರು. ಆದರೆ ಪಟ್ಟದ ಕಲಹವೊಂದು ಅವರ ನೆರೆಯ ಬಾದಾಮಿಯಲ್ಲಿಯೇ ನಿಜವಾಗಿ ನಡೆದಿತ್ತು.

ಚಾಲುಕ್ಯ ಕೀರ್ತಿವರ್ಮನ ತರುವಾಯ ಅವನ ತಮ್ಮ ಮಂಗಳೇಶನು ಆಳಿದನು. ಕೀರ್ತಿವರ್ಮನ ಮಗನೇ ಇಮ್ಮಡಿ ಪುಲಕೇಶಿ. ಮಂಗಳೇಶನು ರಾಜ್ಯವನ್ನು ತನ್ನ ಮಗನಿಗೆ ಕೊಡಿಸಲು ಯತ್ನಿಸಿದನೆಂದೂ, ಪುಲಕೇಶಿಯು ದೇಶಾಂತರ ಹೋಗಲು ನಿಶ್ಚಯಿಸಿದನೆಂದೂ, ಕೊನೆಗೆ ಚಿಕ್ಕಪ್ಪನು ರಾಜ್ಯವನ್ನೂ ಪ್ರಾಣವನ್ನೂ ಒಟ್ಟಿಗೆ ಕಳೆದುಕೊಂಡನೆಂದೂ ಐಹೊಳೆಯ ಮೇಗುಟಿಯ ಶಾಸನವು ಹೇಳುತ್ತದೆ. ಅದನ್ನು ರಚಿಸಿದವನು ರವಿಕೀರ್ತಿ, ಕಾಲ ಕ್ರಿ.ಶ. 634–35. ಆಗ ಆಳುತ್ತಿದ್ದವನು ಪುಲಕೇಶಿಯೇ. ಎಂದರೆ ಇದು ಗೆದ್ದವನ ಕಡೆಯ ಮಾತು.

ಸೋತವನ ಮಾತೂ ಉಳಿದಿದೆ. ಬಾದಾಮಿಯ ಮೂರನೆಯ ಗುಹೆಯಲ್ಲಿ ಮಂಗಳೇಶನದೇ ಶಾಸನವುಂಟು, ಕಾಲ ಕ್ರಿ.ಶ. 578. ವಿಷ್ಣುವಿಗೆ ಆ ಗುಹಾಲಯವನ್ನು ಮಾಡಿಸಿ, ಅದರ ಪುಣ್ಯಫಲವನ್ನು ಅಣ್ಣ ಕೀರ್ತಿವರ್ಮನಿಗೆ ಸಲ್ಲಿಸಿದುದಾಗಿ ಅಲ್ಲಿ ಹೇಳಿದೆ. ಪುಣ್ಯವನ್ನು ಅಣ್ಣನಿಗಿತ್ತ ಕೈಯೇ ಮುಂದೆ ಅಣ್ಣನ ಮಗನಿಗೆ ರಾಜ್ಯವನ್ನು ತಪ್ಪಿಸಲೆತ್ನಿಸಿತು!

ಗುಹೆಯ ಬರಹವೊಂದೇ ಉಳಿದಿದ್ದರೆ ಮಂಗಳೇಶನನ್ನು ಎರಡನೆಯ ಭರತನೆನ್ನುತ್ತಿದ್ದೆವು. ಐಹೊಳೆಯದೊಂದೇ ಉಳಿದಿದ್ದರೆ ಬರಿಯ ಸಂಚುಗಾರನೆನ್ನುತ್ತಿದ್ದೆವು. ಎರಡೂ ಉಳಿದಿರುವುದರಿಂದ ಅವನು ನಮಗೆ ಮನುಷ್ಯನಾಗಿ ಕಾಣುತ್ತಾನೆ. ಆದರೂ ಕೊನೆಯ ಆ ಕಲಹದ ವಿಷಯದಲ್ಲಿ ಅವನ ಪಕ್ಷದ ವಾದವನ್ನು ಈ ಎರಡು ಶಾಸನಗಳೂ ಹೇಳುವುದಿಲ್ಲ.

ಕಲ್ಪಿತ ಕಥೆಗೂ ಚರಿತ್ರೆಗೂ ಇರುವ ಅಂತರವು ಇಲ್ಲಿದೆ. ಕಥೆಯ ಗುಪ್ತಗ್ರಂಥವು ಸತ್ಯವನ್ನೆಲ್ಲ ಒಂದೇ ಸಲಕ್ಕೆ ನುಡಿಯುತ್ತದೆ. ಚರಿತ್ರೆಯಲ್ಲಿ ಅಂಥ ಗ್ರಂಥವಿಲ್ಲ. ಒಂದೊಂದು ಬರಹಕ್ಕೂ ಒಬ್ಬೊಬ್ಬ ಒಡೆಯನುಂಟು. ಆದುದರಿಂದಲೇ ಯಾವ ಕಾಲದ ಅಧಿಕಾರವಾಗಲಿ ಒಂದು ಪುಸ್ತಕವನ್ನು ಬಚ್ಚಿಟ್ಟರೆ ನಷ್ಟವಾಗುವುದು ಆ ಪುಸ್ತಕವೊಂದೇ ಅಲ್ಲ. ಅದರೊಡನೆ ಹೋಲಿಸಿ ನೋಡಬೇಕಾಗಿದ್ದ ಉಳಿದ ಪುಸ್ತಕಗಳೂ ಅರ್ಧ ಮೂಕವಾಗುತ್ತವೆ. ಬಾದಾಮಿಯ ಬಂಡೆಯ ಮೇಲೆ ಸೋತವನ ಅಕ್ಷರವು ಇಂದಿಗೂ ಉಳಿದಿರುವುದು ನಮ್ಮ ಭಾಗ್ಯವೆಂದೇ ಹೇಳಬೇಕು.