ಮಾನಿಟರಿನ ಸುಳ್ಳು ಕೂಗು, ದಾದಿಯರ ನಿಜ ಶೋಧ

ಜತ್ತದವರಾದರೆ ಮಿರಜಕ್ಕೆ, ಮಂಜೇಶ್ವರದವರಾದರೆ ಮಂಗಳೂರಿಗೆ, ಕಲ್ಪೆಟ್ಟದವರಾದರೆ ಕಲ್ಲಿಕೋಟೆಗೆ. ಎದೆನೋವು ಬಂದ ಹಿರಿಯರನ್ನು ಕರೆದುಕೊಂಡು ನಮ್ಮ ಸಮಾಜದ ಕುಟುಂಬಗಳು ಓಡುವ ದಾರಿಗಳಿವು. ಅಲ್ಲಿ ರೋಗಿಯ ಎದೆಗೆ ಅಂಟುಬಿಲ್ಲೆ ಹಚ್ಚಿ, ತಂತಿ ಜೋಡಿಸಿ, ತಲೆಯ ಬಳಿ ಮಾನಿಟರ್ ಇಡುತ್ತಾರೆ. ಕೂತವರ ಕಣ್ಣೆಲ್ಲ ಅದರಲ್ಲಿ ಓಡುವ ಗೆರೆಯ ಮೇಲೆ.

ನಮ್ಮ ದೊಡ್ಡಪ್ಪನವರ ಬಳಿ ನಾವೂ ಹೀಗೆ ಮೂರು ರಾತ್ರಿ ಕುಳಿತೆವು. ಮೊದಲ ರಾತ್ರಿ ಅದು ಕೂಗಿದಾಗಲೆಲ್ಲ ಣಮೋಕಾರ ಹೇಳುತ್ತಾ ಸಿಸ್ಟರನ್ನು ಕರೆಯಲು ಓಡಿದೆವು. ದೊಡ್ಡಪ್ಪನವರು ಮಗ್ಗುಲು ಬದಲಿಸಿದರೂ ಕೂಗುತ್ತಿತ್ತು. ಎರಡನೆಯ ರಾತ್ರಿ ಕುಳಿತಲ್ಲಿಂದಲೇ ನೋಡಿದೆವು. ಮೂರನೆಯ ರಾತ್ರಿ ತಲೆಯನ್ನೂ ಎತ್ತಲಿಲ್ಲ. ಪಾಳಿಯಲ್ಲಿದ್ದ ಸಿಸ್ಟರ್ ತಾವಾಗಿಯೇ ಬಂದರು. ಒಣಗಿದ ಬಿಲ್ಲೆಗಳನ್ನು ತೆಗೆದು, ಎದೆಯನ್ನು ಸೋಪುನೀರಿನಿಂದ ಒರೆಸಿ, ತೇವ ಆರಿದ ಮೇಲೆ ಹೊಸದನ್ನು ಹಚ್ಚಿದರು. ಬೆಳಗಿನವರೆಗೆ ಮಾನಿಟರ್ ಸುಮ್ಮನಿತ್ತು. ನಮಗೆ ಮಾತ್ರ ನಾಚಿಕೆ. ಆ ಕೂಗು ನಿಜವಾಗಿದ್ದರೆ?

ಇದೇ ಪ್ರಶ್ನೆಯನ್ನು ಹಿಡಿದು ಅಮೆರಿಕದ ದಾದಿಯರು ವರ್ಷಗಟ್ಟಲೆ ಶೋಧನೆ ಮಾಡಿದ್ದಾರೆ. ಸ್ಯಾನ್ ಫ್ರಾನ್ಸಿಸ್ಕೋದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ನರ್ಸಿಂಗ್ ಪ್ರಾಧ್ಯಾಪಕಿಯಾಗಿದ್ದ ಬಾರ್ಬರಾ ಡ್ರೂ ಅವರ ತಂಡ ೨೦೧೩ರ ಮಾರ್ಚ್ ತಿಂಗಳ ೩೧ ದಿನ, ಐದು ತೀವ್ರ ನಿಗಾ ಘಟಕಗಳ ೭೭ ಹಾಸಿಗೆಗಳಿಂದ ಬಂದ ಪ್ರತಿಯೊಂದು ಎಚ್ಚರಿಕೆಯನ್ನೂ ದಾಖಲಿಸಿತು. ರೋಗಿಗಳು ೪೬೧; ಎಚ್ಚರಿಕೆಗಳು ೨೫,೫೮,೭೬೦! ಬಹುಪಾಲು ಪರದೆಯ ಮೇಲಷ್ಟೇ ಮೂಡುವಂಥವು. ಕಿವಿಗೆ ಕೇಳುವಂಥವೇ ೩,೮೧,೫೬೦, ಅಂದರೆ ಒಂದು ಹಾಸಿಗೆಗೆ ದಿನಕ್ಕೆ ೧೮೭. ಹೃದಯದ ಲಯ ತಪ್ಪಿದೆ ಎಂದು ಯಂತ್ರ ಹೇಳಿದ ೧೨,೬೭೧ ಎಚ್ಚರಿಕೆಗಳನ್ನು ಪರಿಣತರು ಒಂದೊಂದಾಗಿ ಪರೀಕ್ಷಿಸಿದಾಗ ಶೇ. ೮೮.೮ ಸುಳ್ಳೆಂದು ಕಂಡವು.

ಇಷ್ಟು ಕೂಗಿದರೆ ಯಾರ ಕಿವಿಯಾದರೂ ಮರಗಟ್ಟುತ್ತದೆ. ಇದು ಸಣ್ಣ ಮಾತಲ್ಲ. ೨೦೦೯ರಿಂದ ೨೦೧೨ರ ಜೂನ್‌ವರೆಗೆ ಆಸ್ಪತ್ರೆಯ ಎಚ್ಚರಿಕೆ ಗಂಟೆಗಳಿಗೆ ಸಂಬಂಧಿಸಿದ ೯೮ ಅವಘಡಗಳು ಅಲ್ಲಿನ ಜಾಯಿಂಟ್ ಕಮಿಷನ್ ಸಂಸ್ಥೆಗೆ ವರದಿಯಾದವು. ಅವುಗಳಲ್ಲಿ ೮೦ ಜನ ತೀರಿಕೊಂಡಿದ್ದರು.

ಯಂತ್ರಕ್ಕೆ ಹೃದಯ ಕಾಣುವುದಿಲ್ಲ. ಚರ್ಮದ ಮೇಲೆ ಸಿಗುವ ಅತಿ ಸಣ್ಣ ವಿದ್ಯುತ್ತನ್ನು ಮಾತ್ರ ಅದು ಓದುತ್ತದೆ. ಬಿಲ್ಲೆಯೊಳಗಿನ ಜೆಲ್ ಒಣಗಿದರೆ, ಬೆವರಿನಿಂದ ಅಂಟು ಬಿಟ್ಟರೆ, ಕೂದಲು ಅಡ್ಡ ಬಂದರೆ ಗೆರೆ ಕದಡುತ್ತದೆ. ರೋಗಿ ಕೈ ಆಡಿಸಿದ್ದನ್ನೂ ಯಂತ್ರ ಅಪಾಯದ ಬಡಿತವೆಂದು ತಿಳಿಯಬಹುದು. ಬಾಲ್ಟಿಮೋರಿನ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯಲ್ಲಿ ಮರಿಯಾ ಸ್ವಾಕ್ ಎಂಬ ದಾದಿ ಮತ್ತು ಸಂಗಡಿಗರು ಎರಡು ವಿಭಾಗಗಳಲ್ಲಿ ಬಿಲ್ಲೆಗಳನ್ನು ದಿನವೂ ಬದಲಿಸಿ ನೋಡಿದರು. ಎಚ್ಚರಿಕೆಗಳು ಶೇ. ೪೬ರಷ್ಟು ಇಳಿದವು. ೨೦೧೩ರಲ್ಲಿ ಪ್ರಕಟವಾದ ಈ ಶೋಧನೆಗೆ ಹೊಸ ಯಂತ್ರವೇನೂ ಬೇಕಾಗಲಿಲ್ಲ. ನಮ್ಮ ಸಿಸ್ಟರ್ ಆ ರಾತ್ರಿ ಮಾಡಿದ್ದೂ ಅದನ್ನೇ.

ಬಿಲ್ಲೆ ಸರಿಯಾದ ಜಾಗದಲ್ಲಿರಬೇಕೆಂಬುದು ಇನ್ನೊಂದು ಮಾತು. ಡ್ರೂ ಅವರ ಅಧ್ಯಕ್ಷತೆಯಲ್ಲಿ ೨೦೦೪ರಲ್ಲಿ ಅಮೆರಿಕನ್ ಹಾರ್ಟ್ ಅಸೋಸಿಯೇಷನ್ ಇದಕ್ಕೆಲ್ಲ ನಿಯಮಾವಳಿ ಹೊರಡಿಸಿತು. ಅದನ್ನು ದಾದಿಯರಿಗೆ ಕಲಿಸಿದರೆ ಫಲವುಂಟೇ ಎಂದು ಮಾರ್ಜರಿ ಫಂಕ್ ಮತ್ತು ಡ್ರೂ ೧೭ ಆಸ್ಪತ್ರೆಗಳಲ್ಲಿ ಪರೀಕ್ಷಿಸಿದರು. ದಾದಿಯರ ತಿಳಿವಳಿಕೆಯೂ ಆರೈಕೆಯೂ ಸುಧಾರಿಸಿದವು. ಸಾವಿನ ಪ್ರಮಾಣ ಮಾತ್ರ ಗಮನಾರ್ಹವಾಗಿ ಇಳಿಯಲಿಲ್ಲ ಎಂಬುದನ್ನೂ ಅವರು ಮುಚ್ಚಿಡಲಿಲ್ಲ. ೨೦೧೭ರ ವರದಿಯಲ್ಲಿ ನಮಗೆ ಹಿಡಿಸಿದ್ದು ಈ ಪ್ರಾಮಾಣಿಕತೆಯೇ.

ವೈಯಾವೃತ್ಯವನ್ನು ಅಂತರಂಗ ತಪಗಳಲ್ಲಿ ಎಣಿಸಿದವರು ನಾವು. ರೋಗಿಯ ಬಳಿ ಕೂತಾಗ ಬಿಲ್ಲೆ ಸಡಿಲವಾಗಿದ್ದರೆ ಸಿಸ್ಟರಿಗೆ ಹೇಳೋಣ. ತಂತಿಯನ್ನು ನಾವೇ ಎಳೆದು ಸರಿಪಡಿಸುವುದು ಬೇಡ. ಕೂಗನ್ನು ನಿಲ್ಲಿಸುವ ಗುಂಡಿಯನ್ನಂತೂ ಮುಟ್ಟಲೇಬಾರದು. ಎರಡನೆಯ ರಾತ್ರಿ ನಮ್ಮ ಕೈ ಅಲ್ಲಿಯವರೆಗೆ ಹೋಗಿತ್ತು.

ದೊಡ್ಡಪ್ಪನವರು ಈಗ ಬಸದಿಗೆ ನಡೆದೇ ಹೋಗಿಬರುತ್ತಾರೆ. ಎದೆಯ ಮೇಲಿನ ಅಂಟಿನ ಕಲೆ ಹೋಗಲು ಎಂಟು ದಿನ ಹಿಡಿಯಿತು.